ಆರರವರೆಗೆ ಏರಿ ಇಳಿಯುವ ಸಂಖ್ಯೆ

ಈ ವಾರ ಮರ್ಸೆನ್ ಅವಿಭಾಜ್ಯಗಳ, ಅಂದರೆ ಎರಡರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯಗಳ ಸರದಿ ಎಂದಿದ್ದೆ. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ದಾಖಲೆಯ ಸಂಖ್ಯೆಗೆ 4,10,24,320 ಅಂಕಿಗಳಂತೆ. ಬರೆಯಲು ಕೂತರೆ ಹೇಳುವುದಕ್ಕೆ ಉಳಿದದ್ದು ಅದರ ಗಾತ್ರವೊಂದೇ. ಯಾವುದಕ್ಕೂ ಭಾಗವಾಗದ ಸಂಖ್ಯೆಯ ಜೊತೆ ಎಷ್ಟು ಹೊತ್ತು ಹರಟುವುದು? ನನಗೆ ಒಳಗೆ ಕೋಣೆಗಳಿರುವ ಸಂಖ್ಯೆ ಬೇಕು.

ಅಂಥದೊಂದು ಮಹಾವೀರಾಚಾರ್ಯನಲ್ಲಿದೆ. ರಾಷ್ಟ್ರಕೂಟ ನೃಪತುಂಗನ ಕಾಲದ ಈ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ 2,79,94,681ನ್ನು 441ರಿಂದ ಗುಣಿಸಲು ಹೇಳುತ್ತಾನೆ. ಉತ್ತರ 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತದೆ.

ಅಂಕಿಗಳ ಇಂಥ ಸಾಲು ಕಂಡರೆ ಸಾಕು, ‘ವೇದಗಣಿತ’ದವರು ಪವಾಡವೆನ್ನುತ್ತಾರೆ. ಅವರೊಂದಿಗಿನ ನನ್ನ ಜಗಳ ಹಳೆಯದು. 1965ರಲ್ಲಿ ಅಚ್ಚಾದ ಪುಸ್ತಕದ ಸೂತ್ರಗಳನ್ನು ವೇದದ ಹೆಸರಲ್ಲಿ ಮಾರುತ್ತಾರೆ. ಉತ್ತರ ಬೇಗ ಬರುತ್ತದೆ, ಯಾಕೆ ಬಂತು ಎಂದು ಮಗು ಕೇಳಿದರೆ ಮಾತಿಲ್ಲ. ನಮ್ಮದೇ ಒಂಬತ್ತನೇ ಶತಮಾನದ ಗ್ರಂಥವನ್ನು ತೆರೆಯುವ ವ್ಯವಧಾನ ಮಾತ್ರ ಯಾರಿಗೂ ಇಲ್ಲ.

‘ಯಾಕೆ’ ಎಂಬುದನ್ನು ನೋಡೋಣ. 12345654321 ಎಂದರೆ 111111ರ ವರ್ಗ. 111111 ಎಂದರೆ 3, 7, 11, 13, 37ರ ಗುಣಲಬ್ಧ. ಐದು ಅವಿಭಾಜ್ಯಗಳೂ ವರ್ಗದಲ್ಲಿ ಎರಡೆರಡು ಸಲ ಬರುವುದರಿಂದ ಅಪವರ್ತನಗಳು 3ರ ಐದನೇ ಘಾತ, ಅಂದರೆ 243. ಎರಡು ಸಂಖ್ಯೆಗಳ ಗುಣಾಕಾರವಾಗಿ ಇದನ್ನು 122 ರೀತಿ ಬಿಡಿಸಬಹುದು. ಮಹಾವೀರ ಆರಿಸಿಕೊಂಡದ್ದು ಎರಡೂ ಕಡೆ ವರ್ಗವೇ ಇರುವ ಜೋಡಿ: 441 ಎಂದರೆ 21ರ ವರ್ಗ, ಇನ್ನೊಂದು 5291ರದು. ಅದು ಕಾಕತಾಳೀಯವೆಂದು ನಾನಂತೂ ಒಪ್ಪುವುದಿಲ್ಲ.

ಇಲ್ಲೊಂದು ಸ್ವಾರಸ್ಯ ಬಿಟ್ಟುಹೋಗಬಾರದು. ಅಂಕಿಗಳ ಚಮತ್ಕಾರ ಬಹುಪಾಲು ದಶಮಾನ ಪದ್ಧತಿಯ ಕೃಪೆ. ಆಧಾರ ಬದಲಿಸಿದರೆ ಮಾಯ. ಇದು ಹಾಗಲ್ಲ. ಆರು ಒಂದುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ಯಾವ ಸ್ಥಾನದ ಮೊತ್ತವೂ ಆರನ್ನು ದಾಟುವುದಿಲ್ಲ, ದಶಕವೇ ಬೀಳುವುದಿಲ್ಲ. ಹಾಗಾಗಿ ಏಳರ ಆಧಾರದಲ್ಲಿ ಬರೆದರೂ, ಹದಿನಾರರಲ್ಲಿ ಬರೆದರೂ ಇದೇ ಏರಿಳಿತ. ದಶಮಾನದಲ್ಲಿ ಒಂಬತ್ತು ಒಂದುಗಳವರೆಗೆ ಆಟ ನಡೆಯುತ್ತದೆ. ಹತ್ತನೆಯದು ಸೇರಿದ ಕೂಡಲೇ ದಶಕ ಬಿದ್ದು 1234567900987654321 ಆಗುತ್ತದೆ. ನಡುವೆ ಎರಡು ಸೊನ್ನೆ, ಏರುವ ದಾರಿಯಲ್ಲಿ ಎಂಟು ನಾಪತ್ತೆ.

ಮಹಾವೀರನ ಅದೇ ಲೆಕ್ಕಗಳ ಗುಂಪಿನಲ್ಲಿ 33 ಮತ್ತು 333333666667 ಇವೆ, ಗುಣಿಸಿದರೆ 11000011000011. ರಾಜನ ಕೊರಳಿಗೆ ಒಪ್ಪುವ ಹಾರವೆಂದು ಅವನೇ ಹೊಗಳಿದ್ದಾನೆ. ನನಗೆ ಅಷ್ಟು ರುಚಿಸಲಿಲ್ಲ. ಅದು 1000001000001ರ ಹನ್ನೊಂದರಷ್ಟು, ಅಷ್ಟೇ. ಒಂದು ಕಡೆಯಿಂದ ಮೂರು ತೆಗೆದು ಇನ್ನೊಂದು ಕಡೆಗೆ ಸೇರಿಸಿ ಗುಟ್ಟು ಮುಚ್ಚಿದ್ದಾನೆ.