ಎತ್ತರ ಕೇಳುವ ಮೊದಲು ತೂಕ ಹಾಕಿಸಿ

ಸಕಲೇಶಪುರದ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ನನ್ನ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಮಾವ, ಹಿಲಕ್ಸ್‌ನ ನಾಲ್ಕಿಂಚು ಎತ್ತಿಸ್ಬಿಡೋಣ ಅಂತಿದೀನಿ. ಯಾವ ಕಿಟ್ ಹಾಕ್ಸಲಿ?" ಬಿಡದಿಯ ಕಾರ್ಖಾನೆಯಿಂದ ಹೊರಬಿದ್ದು ಎರಡು ವರ್ಷವೂ ತುಂಬದ ಗಾಡಿ. ತೋಟದ ದಾರಿಯಲ್ಲಿ ಅಡ್ಡ ಹರಿಯುವ ಚರಂಡಿಗೆ ಇಳಿಯುವಾಗ ಮೂತಿ ತಾಗುತ್ತದೆಂಬುದು ಅವನ ದೂರು. "ಮೊದ್ಲು ವೇಬ್ರಿಡ್ಜಿಗೆ ಹೋಗಿ ಬಾ" ಎಂದೆ. ಆ ಕಡೆ ಮೌನ. ಎತ್ತರ ಕೇಳಿದವನಿಗೆ ತೂಕದ ದಾರಿ ತೋರಿಸಿದರೆ ಇನ್ನೇನಾದೀತು?

ಪಿಕಪ್ ಎತ್ತಿಸಲು ಹೊರಟವರು ಮೊದಲು ಗಾಡಿಯ ಕೆಳಗೆ ನುಸುಳಿ ನೋಡಬೇಕು. ಹಿಂದಿನ ಎರಡು ಚಕ್ರಗಳ ನಡುವೆ ಗಟ್ಟಿ ಹೌಸಿಂಗ್ ಇದೆ. ಅದರ ನಡುವೆ ಉಬ್ಬಿದ ಜಾಗದಲ್ಲಿ ಕ್ರೌನ್-ಪಿನಿಯನ್. ಕಾಡುದಾರಿಯ ಕಲ್ಲು ಮೊದಲು ಬಡಿಯುವುದು ಅಲ್ಲಿಗೇ. ಸಸ್ಪೆನ್ಷನ್ ಲಿಫ್ಟ್ ನಾಲ್ಕಿಂಚಾಗಲಿ ಆರಿಂಚಾಗಲಿ, ಈ ಉಬ್ಬು ನೆಲದಿಂದ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ, ಏಕೆಂದರೆ ಹೌಸಿಂಗ್ ಚಕ್ರದ ಜೊತೆಗೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರ್ ಮಾತ್ರ, ಅದೂ ಅರ್ಧಕ್ಕರ್ಧ. 265/65 ಆರ್17 ತೆಗೆದು 265/70 ಆರ್17 ಹಾಕಿದರೆ ಟೈರಿನ ವ್ಯಾಸ ಸುಮಾರು 26 ಮಿ.ಮೀ. ಹೆಚ್ಚುತ್ತದೆ, ಹೌಸಿಂಗಿಗೆ ಸಿಗುವುದು 13. ಲಿಫ್ಟಿನ ಲಾಭ ಬೇರೆ: ಚಾಸಿ ಮೇಲೇಳುತ್ತದೆ, ಏರಿಗೆ ಮೂತಿ ಕೊಡುವಾಗ, ದಿಬ್ಬದ ನೆತ್ತಿ ದಾಟುವಾಗ, ಬಾಲ ಇಳಿಸುವಾಗ ತಾಗುವುದು ಕಡಿಮೆಯಾಗುತ್ತದೆ.

ಅಗ್ಗದ ದಾರಿಗಳಿಗೇನೂ ಬರವಿಲ್ಲ. ಹಿಂದಿನ ಬ್ಲೇಡ್ ಸೆಟ್‌ಗೆ ಉದ್ದನೆಯ ಶ್ಯಾಕಲ್ ಹಾಕುವುದು ಒಂದು. ಬ್ಲೇಡಿನ ಒಂದೇ ತುದಿಯನ್ನು ಇಳಿಸುವ ಉಪಾಯವಾದ್ದರಿಂದ ಶ್ಯಾಕಲ್ 50 ಮಿ.ಮೀ. ಉದ್ದವಾದರೆ ಗಾಡಿ ಏರುವುದು 25 ಮಾತ್ರ. ಜೊತೆಗೆ ಹೌಸಿಂಗ್ ತುಸು ತಿರುಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ನಡುಕ ಶುರುವಾಗುತ್ತದೆ. ಹೌಸಿಂಗಿಗೂ ಬ್ಲೇಡಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಯು-ಬೋಲ್ಟ್ ಬಿಗಿಯುವುದು ಇನ್ನೊಂದು. ಕೊಟ್ಟ ದುಡ್ಡಿಗೆ ಸರಿಯಾಗಿ ಎತ್ತರ ಬರುತ್ತದೆ ನಿಜ. ಆದರೆ ಜೋರಾಗಿ ಎಕ್ಸಿಲರೇಟರ್ ಕೊಟ್ಟಾಗ ಹೌಸಿಂಗ್ ಬ್ಲೇಡನ್ನು ಎಸ್ ಆಕಾರಕ್ಕೆ ತಿರುಚುತ್ತದೆ, ಬ್ಲಾಕ್ ಎತ್ತರವಾದಷ್ಟೂ ತಿರುಚು ಹೆಚ್ಚು.

ಮುಂದಿನದು ಇನ್ನೂ ನಾಜೂಕು. ಅಲ್ಲಿ ಎರಡೂ ಚಕ್ರಗಳು ಸ್ವತಂತ್ರ. ಮೇಲೊಂದು ಕೆಳಗೊಂದು ತೋಳು, ನಡುವೆ ಕಾಯಿಲ್ ಸ್ಪ್ರಿಂಗ್. ಅದರ ತಲೆಯ ಮೇಲೊಂದು ಸ್ಪೇಸರ್ ಕೂರಿಸಿದರೆ ಅರ್ಧ ದಿನದಲ್ಲಿ ಮೂತಿ ಏರುತ್ತದೆ. ಆದರೆ ಚಕ್ರ ಹಳ್ಳಕ್ಕೆ ಇಳಿಯಬೇಕಾದಾಗ ಉಳಿದಿರುವ ಓಟವನ್ನು ಸ್ಪೇಸರ್ ಆಗಲೇ ತಿಂದುಹಾಕಿರುತ್ತದೆ. ಸುಮಾರು ಎರಡು ಇಂಚು ದಾಟಿದರೆ ಡ್ರೈವ್ ಶಾಫ್ಟ್ ಕಡಿದಾಗಿ ಇಳಿದು ಸಿ.ವಿ. ಜಾಯಿಂಟಿನ ರಬ್ಬರ್ ಬೂಟ್ ಹರಿಯುತ್ತದೆ, ಅಲೈನ್‌ಮೆಂಟ್ ಎಷ್ಟು ಮಾಡಿಸಿದರೂ ಕೂರದೆ ಮೇಲಿನ ತೋಳನ್ನೇ ಬದಲಿಸಬೇಕಾಗುತ್ತದೆ. ನಾಲ್ಕಿಂಚು ಎಂದರೆ ಮುಂದಿನ ಡಿಫರೆನ್ಷಿಯಲನ್ನೂ ಕೆಳಗಿಳಿಸುವ ಕೆಲಸ. ಕಿಟ್ಟಿನ ದರದಲ್ಲಿ ಇದೆಲ್ಲ ಬರೆದಿರುವುದಿಲ್ಲ.

ಹಾಗಾದರೆ ಒಳ್ಳೆಯ ಕಿಟ್ ಯಾವುದು? ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್ ಹೆಸರುಗಳು ನಮ್ಮ ಜೀಪ್ ಮಂದಿಗೆ ಬಾಯಿಪಾಠ. ಹೆಸರಿಗಿಂತ ಅವರು ಕೇಳುವ ಪ್ರಶ್ನೆ ಗಮನಿಸಿ: ಗಾಡಿಯ ಮೇಲೆ ಸದಾ ಇರುವ ಭಾರ ಎಷ್ಟು? ಒಂದೇ ಎತ್ತರ ಕೊಡುವ ಸ್ಪ್ರಿಂಗನ್ನೂ ಅವರು ಖಾಲಿ ಗಾಡಿಗೊಂದು, ಹೊರೆ ಗಾಡಿಗೊಂದು ಎಂದು ಬೇರೆ ಬೇರೆ ಬಿಗಿಯಲ್ಲಿ ಮಾಡುತ್ತಾರೆ. ತಿಂಗಳಿಗೊಮ್ಮೆ 50 ಕೆಜಿಯ ಆರು ಗೊಬ್ಬರದ ಮೂಟೆ ಹೊರುವವನು ದಿನವೂ 300 ಕೆಜಿ ಹೊರುವವನ ಬ್ಲೇಡ್ ಹಾಕಿಸಿಕೊಂಡರೆ, ಉಳಿದ 29 ದಿನ ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ಮಳೆಯ ಜೇಡಿಯಲ್ಲಿ ಹಿಂದಿನ ಟೈರಿಗೆ ನೆಲವೇ ಸಿಗುವುದಿಲ್ಲ.

ಎತ್ತರವೂ ತೂಕವೂ ಒಂದೇ ಲೆಕ್ಕದ ಎರಡು ಕಡೆ ಎಂಬುದು ಗಾಡಿಗೇ ಗೊತ್ತು. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೊಂದು ವಾಲ್ವ್ ಇದ್ದು, ಅದರ ಸಣ್ಣ ಕೈ ಹೌಸಿಂಗಿಗೆ ಕೊಂಡಿಯಾಗಿರುತ್ತದೆ. ಹೊರೆ ಬಿದ್ದು ಚಾಸಿ ಕುಸಿದರೆ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಲಿಫ್ಟ್ ಹಾಕಿ ಆ ಕೈಯನ್ನು ಸರಿಹೊಂದಿಸದೆ ಬಿಟ್ಟರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದೇ ಓದುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಅದು ನೆನಪಾದರೆ ಪ್ರಯೋಜನವಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ. ಆದ್ದರಿಂದ ರಸ್ತೆಯ ಮೇಲೆ ಓಡುವ ಪಿಕಪ್ಪಿಗೆ ನನ್ನ ಸಲಹೆ ಕಾರ್ಖಾನೆಯ ಎತ್ತರವೇ. ಆ ಎತ್ತರ ಈಗಲೂ ಉಳಿದಿದೆಯೇ ಎಂಬುದನ್ನು ಅಳೆದು ನೋಡಬೇಕು, ಅಷ್ಟೇ.

ಅಳಿಯ ಕೊನೆಗೂ ವೇಬ್ರಿಡ್ಜಿಗೆ ಹೋದ. ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಂದು ಚೀಟಿ, ಹಿಂದಿನವನ್ನಷ್ಟೇ ಹತ್ತಿಸಿ ಇನ್ನೊಂದು. ಆಮೇಲೆ ನಾನು ಹೇಳಿದಂತೆ ಮುಂದೆ ಜಡಿದಿದ್ದ ಕಬ್ಬಿಣದ ಬುಲ್ ಬಾರ್, ವಿಂಚ್ ಎರಡನ್ನೂ ಬಿಚ್ಚಿಸಿ ಮತ್ತೆ ತೂಗಿಸಿದ. ಬಿಚ್ಚಿದ ಸಾಮಾನು 100 ಕೆಜಿ; ಮುಂದಿನ ಆಕ್ಸಲ್ ಹಗುರಾದದ್ದು 120 ಕೆಜಿ, ಹಿಂದಿನದರ ಮೇಲೆ 20 ಕೆಜಿ ಏರಿತ್ತು. ಚಕ್ರಕ್ಕಿಂತ ಮುಂದೆ ನೇತುಬಿದ್ದ ಭಾರ ಏತದಂತೆ ಕೆಲಸ ಮಾಡುತ್ತದೆ. ಮಡ್‌ಗಾರ್ಡಿಗೆ ಟೇಪು ಹಿಡಿದರೆ ಮೂತಿ 20 ಮಿ.ಮೀ. ಎದ್ದಿತ್ತು. ಚರಂಡಿಗೆ ಮೊದಲು ತಾಗುತ್ತಿದ್ದ ಬಾರೇ ಈಗಿಲ್ಲ. ಬುಲ್ ಬಾರ್ ಕೂಡ ಸೆಕ್ಷನ್ 52ಕ್ಕೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ನಿನ್ನೆ ಮತ್ತೆ ಫೋನ್. "ತಾಗ್ಲಿಲ್ಲ ಮಾವ. ಆದ್ರೆ ಗಾಡಿ ನೋಡೋಕೆ ಬೋಳು ಬೋಳು." ಬಾರನ್ನು ಏನು ಮಾಡಿದೆ ಎಂದು ಕೇಳಿದೆ. ತೋಟಕ್ಕೆ ದನ ನುಗ್ಗುವ ಉಣಗೋಲಿಗೆ ಅಡ್ಡ ಕಟ್ಟಿದ್ದಾನಂತೆ.