ಒಂದೇ ಟಿಕೆಟ್ ಸಾಕು

ರಾಮನವಮಿಯ ದಿನಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಪೆಂಡಾಲಿನಲ್ಲಿ ಒಬ್ಬರೇ ಕೂತು ತೊಡೆ ಮೇಲೆ ತಾಳ ಹಾಕುತ್ತಿರುವವರನ್ನು ‘ಜೊತೆಗೆ ಯಾರೂ ಬರಲಿಲ್ಲವೇ?’ ಎಂದು ಯಾರೂ ಕೇಳುವುದಿಲ್ಲ. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಆ ಕಛೇರಿಗಳಿಗೆ ಒಬ್ಬರೇ ಹೋದರೆ ಅದು ರಸಿಕತೆ. ಕರಾವಳಿಯಲ್ಲಿ ಟಾರ್ಚು ಹಿಡಿದು ಯಕ್ಷಗಾನದ ಆಟಕ್ಕೆ ಒಬ್ಬನೇ ಹೊರಟವನನ್ನೂ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ. ಅದೇ ಮನುಷ್ಯ ಪಾಪ್ ಗಾಯಕನ ಲೈವ್ ಕಾರ್ಯಕ್ರಮಕ್ಕೆ ಒಂದೇ ಟಿಕೆಟ್ ಕೊಂಡರೆ ಮಾತ್ರ ಎಲ್ಲರ ಹುಬ್ಬೂ ಮೇಲೇರುತ್ತದೆ. ಸಂಗಾತಿ ಸಿಗದವರ ಪಾಡು ಇದು ಎಂಬ ಎಣಿಕೆ. ಮೆಚ್ಚಿನ ದನಿಯನ್ನು ಕೇಳುವುದಕ್ಕೆ ಇದೇ ಸರಿಯಾದ ದಾರಿ ಎಂದು ನನ್ನ ತಕರಾರು.

ಎಡ್ ಶೀರನ್ ಅವರನ್ನೇ ತೆಗೆದುಕೊಳ್ಳಿ. 2025ರ ಫೆಬ್ರುವರಿ 8 ಮತ್ತು 9ರಂದು ಮಾದಾವರದ ನೈಸ್ ಮೈದಾನದಲ್ಲಿ ಹಾಡಿದ ಈ ಬ್ರಿಟಿಷ್ ಗಾಯಕ, ಶಿಲ್ಪಾ ರಾವ್ ಜೊತೆ ತೆಲುಗಿನ ‘ಚುಟ್ಟಮಲ್ಲೆ’ಗೂ ದನಿಗೂಡಿಸಿದ್ದು ಮರುದಿನ ಎಲ್ಲರ ಫೋನಿಗೂ ಬಂತು. ಫೋನಿಗೆ ಬಾರದ್ದು ಬೇರೆಯೇ ಇದೆ. ಶೀರನ್ ತಮ್ಮ ಬಹುಪಾಲು ಹಾಡುಗಳನ್ನು ವಾದ್ಯವೃಂದವಿಲ್ಲದೆ, ಕಾಲ ಬಳಿಯ ಲೂಪ್ ಪೆಡಲ್ ಒಂದನ್ನೇ ನೆಚ್ಚಿ ಕಟ್ಟುತ್ತಾರೆ. 2015ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣವನ್ನು ಮೂರು ರಾತ್ರಿ ತುಂಬಿಸಿದ್ದೂ ಹೀಗೆಯೇ. ಪೆಡಲ್ ಒತ್ತಿ ಗಿಟಾರಿನ ಮರದ ಮೈಗೆ ಅಂಗೈಯಿಂದ ಗುದ್ದುತ್ತಾರೆ; ಆ ಗುದ್ದು ತನ್ನಷ್ಟಕ್ಕೆ ತಿರುತಿರುಗಿ ಬರತೊಡಗುತ್ತದೆ. ಅದರ ಮೇಲೆ ತಂತಿಯ ಒಂದು ವರಸೆ, ಅದರ ಮೇಲೆ ಗುನುಗು, ಆ ಗುನುಗಿಗೆ ತಮ್ಮದೇ ದನಿಯಲ್ಲಿ ಇನ್ನೊಂದು ಎಳೆ. ಮೊದಲೇ ಮುದ್ರಿಸಿ ತಂದದ್ದೇನೂ ಅಲ್ಲಿಲ್ಲ. ಒಂದು ಗುದ್ದು ಅರ್ಧ ಮಾತ್ರೆ ಜಾರಿದರೂ ಹಾಡಿನುದ್ದಕ್ಕೂ ಆ ತಪ್ಪು ಸುತ್ತುತ್ತಲೇ ಇರುತ್ತದೆ. ಹಾಡು ಮುಗಿದಾಗ ಎಲ್ಲವೂ ಅಳಿಸಿ, ಮುಂದಿನದಕ್ಕೆ ಮತ್ತೆ ಬರಿಗೈಯಿಂದ ಶುರು. ಇಡೀ ಕಸುಬು ಇರುವುದು ಮೊದಲ ಒಂದೆರಡು ನಿಮಿಷಗಳಲ್ಲಿ. ಪಕ್ಕದಲ್ಲಿ ಗೆಳೆಯರಿದ್ದರೆ ‘ಇದು ಯಾವ ಹಾಡು ಹೇಳು’, ‘ಒಂದು ಸೆಲ್ಫಿ’, ‘ನೀರಿನ ಬಾಟಲಿ ಎಲ್ಲಿ’ ಎಂಬುದೆಲ್ಲ ನಡೆಯುವುದು ಅದೇ ಹೊತ್ತಿಗೆ.

ಪಾಪ್ ಎಂದರೆ ಕಛೇರಿಯಲ್ಲ ಜಾತ್ರೆ, ಜೊತೆಗೂಡಿ ಹಾಡದಿದ್ದರೆ ಅದರಲ್ಲೇನು ಸುಖ ಎಂಬ ಆಕ್ಷೇಪವಿದೆ. ಜಾತ್ರೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತೇರು ಎಳೆಯುವವರೆಲ್ಲ ಪರಸ್ಪರ ಪರಿಚಿತರೇ? ಸಾವಿರಾರು ಜನರ ಮೇಳ ಟಿಕೆಟ್ಟಿನ ಜೊತೆಗೇ ಬರುತ್ತದೆ. ಗುಂಪಾಗಿ ಹೋದವರು ಆ ಸಮುದ್ರದಲ್ಲಿ ತಮ್ಮದೇ ನಡುಗಡ್ಡೆ ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬರೇ ಹೋದವರಿಗೆ ನೋಡುವುದಕ್ಕೆ ಇರುವುದು ವೇದಿಕೆ ಮಾತ್ರ. ಇನ್ನೊಂದು ಸೂಕ್ಷ್ಮವೂ ಇದೆ: ಪರಿಚಿತರ ಎದುರು ನಾವು ನಮ್ಮ ಅಭಿರುಚಿಗೆ ಕಾವಲು ಕೂರುತ್ತೇವೆ. ಶ್ರುತಿ ತಪ್ಪಿ ಕಿರುಚಲು, ಹಳೆಯ ಪ್ರೇಮಗೀತೆಗೆ ಕಣ್ಣೊರೆಸಿಕೊಳ್ಳಲು ಆಫೀಸಿನವರಿಗಿಂತ ಅಪರಿಚಿತರೇ ವಾಸಿ. ನಾಳೆ ಕಾಫಿ ಹೊತ್ತಿಗೆ ಅವರು ಆಡಿಕೊಳ್ಳುವುದಿಲ್ಲ.

ಹಿಂಜರಿಕೆಯ ಬುಡ ಬೇರೆ ಕಡೆ ಇದೆ. ರೆಬೆಕಾ ರಾಟ್ನರ್ ಮತ್ತು ರೆಬೆಕಾ ಹ್ಯಾಮಿಲ್ಟನ್ ಎಂಬ ಅಮೆರಿಕದ ಸಂಶೋಧಕಿಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಾ ಗ್ಯಾಲರಿಗೆ ಒಬ್ಬರೇ ಹೋಗಬೇಕಾದವರು ಖುಷಿ ಕಡಿಮೆಯೇ ಎಂದು ಮೊದಲೇ ಅಂದಾಜು ಮಾಡಿದ್ದರು. ನೋಡಿ ಬಂದ ಮೇಲೆ ಅವರ ಖುಷಿಗೂ ಜೊತೆಯಾಗಿ ಹೋದವರ ಖುಷಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಗ್ಯಾಲರಿಯೇ ಮೈದಾನವಲ್ಲ, ನಿಜ. ಆದರೂ ‘ನೋಡಿದವರು ಏನಂದುಕೊಂಡಾರು’ ಎಂಬ ಅಳುಕು ಎರಡು ಕಡೆಯೂ ಒಂದೇ.

ಸುರಕ್ಷತೆಯ ಪ್ರಶ್ನೆಯನ್ನು, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಹೀಗೆ ಮಾತಿನಲ್ಲಿ ತೇಲಿಸಿಬಿಡಲಾಗದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲು 11 ಜೀವ ತೆಗೆದ ಊರು ಇದು. ಒಬ್ಬರೇ ಹೋಗುವವರು ವಾಪಸಾತಿಯ ದಾರಿಯನ್ನು ಟಿಕೆಟ್ ಕೊಳ್ಳುವಾಗಲೇ ಯೋಚಿಸಬೇಕು, ಎಲ್ಲಿದ್ದೇವೆಂದು ಮನೆಯವರಿಗೆ ಗೊತ್ತಿರಬೇಕು, ಮುಂದಿನ ಕಟಕಟೆಯ ಒತ್ತಡಕ್ಕೆ ಸಿಕ್ಕಿಕೊಳ್ಳಬಾರದು. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮವನ್ನು ಸಂಗೀತಪ್ರಿಯರು ಶಪಿಸುವುದುಂಟು. ಒಂಟಿ ಶ್ರೋತೃವಿಗೆ ಅದು ಉಪಕಾರವೇ: ಮೆಟ್ರೋ ಇನ್ನೂ ಓಡುತ್ತಿರುವಾಗಲೇ ಹಾಡು ಮುಗಿದಿರುತ್ತದೆ. ನೈಸ್ ಮೈದಾನದ ಕಡೆಗಂತೂ 2024ರ ನವೆಂಬರಿನಿಂದ ಹಸಿರು ಮಾರ್ಗವೇ ಬಂದಿದೆ.

ಉಳಿದದ್ದು ನೆನಪಿನ ಮಾತು. ‘ಆ ಎರಡನೇ ಚರಣದಲ್ಲಿ ದನಿ ಬಿರಿಯಿತಲ್ಲ’ ಎಂದು ಹತ್ತು ವರ್ಷದ ಮೇಲೆ ಹೇಳಿಕೊಳ್ಳಲು ಇನ್ನೊಬ್ಬರಿರುವುದಿಲ್ಲ. ಈ ನಷ್ಟಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಒಪ್ಪಿಬಿಡುತ್ತೇನೆ. ಅದಕ್ಕೆ ಬದಲು ಒಂದು ಸಣ್ಣ ಲಾಭವಿದೆ. ಗುಂಪುಗಳು ವೇದಿಕೆಯ ಬುಡಕ್ಕೆ ನುಗ್ಗುತ್ತವೆ. ಅಲ್ಲಿ ಮುಖ ಕಾಣುತ್ತದೆ, ಆದರೆ ಬಾಸ್ ಎದೆಗೆ ಗುದ್ದಿ ಮಾತನ್ನು ನುಂಗುತ್ತದೆ. ಮೈದಾನದ ನಡುವೆ, ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡಿರುವ ಕಟ್ಟೆಯ ಹತ್ತಿರ ನಿಲ್ಲಿ. ಆತ ಸದ್ದನ್ನು ಹದ ಮಾಡುವುದು ಆ ಜಾಗದಲ್ಲಿ ನಿಂತ ಕಿವಿಗೆ. ಐದು ಜನಕ್ಕೆ ಅಲ್ಲಿ ಜಾಗ ಹುಡುಕುವುದು ಕಷ್ಟ, ಒಬ್ಬರಿಗೆ ಸಿಗುತ್ತದೆ.