ಕಲೆಗೆ ಊರೆಲ್ಲ ವೈದ್ಯರು

ಬಟ್ಟೆಯ ಕಲೆಯ ವಿಷಯದಲ್ಲಿ ನಮ್ಮ ಊರೆಲ್ಲ ವೈದ್ಯರೇ. ಒಬ್ಬರು ನಿಂಬೆಹಣ್ಣು ಉಜ್ಜಿ ಎನ್ನುತ್ತಾರೆ, ಇನ್ನೊಬ್ಬರು ಅಡುಗೆ ಸೋಡಾ, ಮತ್ತೊಬ್ಬರು ಟೂತ್‌ಪೇಸ್ಟ್. ಮದ್ದು ಹೇಳುವ ಉತ್ಸಾಹದಲ್ಲಿ ಅದು ಯಾವುದರ ಕಲೆ ಎಂದು ವಿಚಾರಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಸಾಂಬಾರಿಗೂ ರಕ್ತಕ್ಕೂ ತುಕ್ಕಿಗೂ ಒಂದೇ ಬಾರ್ ಸೋಪು, ಅದೇ ಬ್ರಶ್ಶು, ಅದೇ ಬಿಸಿನೀರು. ಹಠಮಾರಿ ಎಂದು ನಾವು ಬೈಯುವ ಕಲೆಗಳಲ್ಲಿ ಬಹುಪಾಲು ಬಟ್ಟೆಗೆ ಬಿದ್ದಾಗ ಹಠಮಾರಿ ಆಗಿರಲೇ ಇಲ್ಲ. ಹಾಗೆ ಮಾಡಿದ್ದು ನಮ್ಮ ಒಗೆತ.

ಅರಿಶಿನವನ್ನೇ ನೋಡಿ. ಮದುವೆಮನೆಯ ಪಂಕ್ತಿಯಲ್ಲಿ ಬಿಳಿ ಪಂಚೆಯ ಮೇಲೆ ಹುಳಿ ಚೆಲ್ಲುತ್ತದೆ. ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಗಾಗುತ್ತದೆ. ಕಲೆ ಇನ್ನಷ್ಟು ಕೆಟ್ಟಿತೆಂದು ಗಾಬರಿಯಾಗಿ ಮತ್ತೂ ಉಜ್ಜುತ್ತೇವೆ. ಆದರೆ ಆರತಿ ತಟ್ಟೆಗೆ ಅರಿಶಿನದ ಜೊತೆ ಸುಣ್ಣ ಕಲಸಿ ಕೆಂಪು ನೀರು ಮಾಡಿದವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಕ್ಷಾರ ತೊಳೆದುಹೋದರೆ ಮತ್ತೆ ಹಳದಿಗೆ ತಿರುಗುತ್ತದೆ. ಅದು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುವಂಥದ್ದು. ಹಾಗಾಗಿ ಒಗ್ಗರಣೆಯ ಜಿಡ್ಡಿನ ಸವಾರಿ ಮಾಡಿಕೊಂಡೇ ನೂಲಿನ ಒಳಗೆ ಇಳಿಯುತ್ತದೆ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಜಿಡ್ಡು ಬಿಡಿಸಬೇಕು, ಆಮೇಲೆ ಬಟ್ಟೆಯನ್ನು ಸುಡುಬಿಸಿಲಿಗೆ ಹರವಬೇಕು. ಬೆಳಕಿಗೆ ಕರ್ಕ್ಯುಮಿನ್ ನಿಲ್ಲುವುದಿಲ್ಲ. ಅಂಗಡಿಯ ಯಾವ ಪುಡಿಗಿಂತಲೂ ಇಲ್ಲಿ ಬಿಸಿಲಿಗೇ ನನ್ನ ಮೊದಲ ಅಂಕ. ಅಪಾರ್ಟ್‌ಮೆಂಟಿನ ನೆರಳು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರಿಗೆ ಈ ಸೌಲಭ್ಯ ತಪ್ಪಿಹೋಗಿದೆ, ಅಷ್ಟೆ.

ಮಡಿವಾಳರ ಹಳೆಯ ಪದ್ಧತಿಯಲ್ಲಿ ಈ ವಿವೇಕ ಇತ್ತು. ಚೌಳು ಮಣ್ಣಿನ ನೀರಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹೊಳೆಯಲ್ಲಿ ಒಗೆದು ದಂಡೆಯ ಮೇಲೆ ಹರವುತ್ತಿದ್ದರು. ಜಿಡ್ಡಿಗೆ ಕ್ಷಾರ, ಬಣ್ಣಕ್ಕೆ ಬಿಸಿಲು. ಆ ಕ್ರಮವೇ ಸರಿ. ಹಾಗೆಂದು ಅದನ್ನು ಹಾಡಿಹೊಗಳಬೇಕಾಗಿಲ್ಲ. ಹತ್ತಿಬಟ್ಟೆಗೆ ಒಗ್ಗಿದ ಉಬ್ಬೆ ರೇಷ್ಮೆಯನ್ನೂ ಉಣ್ಣೆಯನ್ನೂ ಹಾಳುಮಾಡುತ್ತದೆ, ಕಲ್ಲಿನ ಮೇಲಿನ ಬಡಿತಕ್ಕೆ ಗುಂಡಿಗಳು ಉಳಿಯುವುದಿಲ್ಲ. ಇನ್ನೊಂದು ತಮಾಷೆಯೂ ಇದೆ. ಯಾರ ಮನೆಯ ಬಟ್ಟೆ ಎಂದು ಗುರುತಿಸಲು ಅಗಸರು ಬಳಸುತ್ತಿದ್ದುದು ಕರಿಗೇರು ಬೀಜದ ರಸ. ಸುಣ್ಣ ಸೇರಿದರೆ ಅದು ಕಪ್ಪಾಗಿ ಕೂರುತ್ತದೆ, ಎಷ್ಟು ಒಗೆತ ಕಂಡರೂ ಹೋಗುವುದಿಲ್ಲ. ಕಲೆ ತೆಗೆಯುವುದೇ ಕಸುಬಾದವರು ಪ್ರತಿ ಬಟ್ಟೆಗೂ ಹೋಗದ ಒಂದು ಕಲೆ ಹಚ್ಚಿಯೇ ಕೆಲಸ ಶುರುಮಾಡುತ್ತಿದ್ದರು!

ರಕ್ತ, ಹಾಲು, ಮೊಟ್ಟೆಗಳದು ಬೇರೆಯೇ ಜಾತಿ. ಇವು ಪ್ರೋಟೀನು. ಬಿಸಿನೀರು ಸುರಿದರೆ ಮೊಟ್ಟೆ ಬೆಂದಂತೆ ನೂಲಿನಲ್ಲೇ ಗಟ್ಟಿಯಾಗುತ್ತವೆ. ತಣ್ಣೀರಲ್ಲಿ ಆಗಲೇ ಜಾಲಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಕಿಣ್ವವಿರುವ ಪುಡಿ ಬೇಕು. ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಒಗೆತಕ್ಕೆ ತರುವ ಉಪಾಯಕ್ಕೆ ಜರ್ಮನಿಯ ಓಟೊ ರೋಮ್ 1913ರಲ್ಲೇ ಪೇಟೆಂಟ್ ಪಡೆದಿದ್ದ. ಕಿಣ್ವಕ್ಕೆ ತೋಳ್ಬಲ ಬೇಡ, ಸಮಯ ಬೇಕು, ನೆನೆಹಾಕಿ ಸುಮ್ಮನಿರಬೇಕು. ಜಾಹೀರಾತುಗಳು ತೋರಿಸುವುದು ಇದರ ತದ್ವಿರುದ್ಧ: ಒಂದು ಅದ್ದು, ಕಲೆ ಮಾಯ. ಅದೇ ಪುಡಿಯನ್ನು ಮೈಸೂರು ರೇಷ್ಮೆಗೆ ಹಾಕಬಾರದೆಂಬ ಮಾತು ಪೊಟ್ಟಣದ ಹಿಂಭಾಗದ ಸಣ್ಣ ಅಕ್ಷರಕ್ಕೆ ಬಿಟ್ಟದ್ದು. ರೇಷ್ಮೆಯೂ ಪ್ರೋಟೀನೇ, ಕಿಣ್ವಕ್ಕೆ ಸೀರೆ ಯಾವುದು, ಕಲೆ ಯಾವುದು ಎಂಬ ಭೇದ ತಿಳಿಯದು.

ನಿಂಬೆಹಣ್ಣಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಕಬ್ಬಿಣದ ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿಡುವುದು ನಿಜಕ್ಕೂ ಒಳ್ಳೆಯ ಉಪಾಯ, ಆಮ್ಲ ತುಕ್ಕನ್ನು ಕರಗಿಸುತ್ತದೆ. ಬಾಲ್‌ಪೆನ್ನಿನ ಇಂಕಿಗೆ ಸ್ಪಿರಿಟ್ಟು ಅಥವಾ ಸ್ಯಾನಿಟೈಸರ್ ಕೂಡ ಸರಿಯೇ. ಟೂತ್‌ಪೇಸ್ಟ್ ಬರೀ ಉಜ್ಜುಪುಡಿ, ಬಟ್ಟೆಯ ಮುಖ ಸವೆಸುತ್ತದೆ. ಸೋಡಾಕ್ಕೆ ವಿನೆಗರ್ ಸುರಿಯುವ ಜನಪ್ರಿಯ ಪ್ರಯೋಗವಂತೂ ಶುದ್ಧ ನಾಟಕ. ಒಂದು ಕ್ಷಾರ, ಒಂದು ಆಮ್ಲ. ಬುಸ್ಸೆಂದು ನೊರೆಯೆದ್ದು ಎರಡೂ ಒಂದನ್ನೊಂದು ಮುಗಿಸಿಕೊಳ್ಳುತ್ತವೆ. ಇದರಿಂದ ಹಾನಿಯಿಲ್ಲ. ಬ್ಲೀಚಿಗೆ ವಿನೆಗರ್ ಅಥವಾ ನಿಂಬೆರಸ ಬೆರೆಸುವುದು ಮಾತ್ರ ನಾಟಕವಲ್ಲ, ಏಳುವುದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶಕ್ಕೇ ಕುತ್ತು.

ಇನ್ನು ಬಾಳೆಯ ಸೊನೆ, ಅಡಿಕೆಯ ಚೊಗರು. ಇಲ್ಲಿ ಎಲ್ಲ ಮದ್ದೂ ಸೋಲುತ್ತದೆ. ಬಿದ್ದಾಗ ನೀರಿನಂತಿರುವ ಬಾಳೆಸೊನೆ ಗಾಳಿ ತಾಗುತ್ತ ಕಂದಾಗುತ್ತದೆ. ನಾವು ಅದನ್ನು ಗಮನಿಸುವುದು ಒಣಗಿದ ಮೇಲೆ, ಎಷ್ಟೋ ಸಲ ಇಸ್ತ್ರಿಯೂ ಆದ ಮೇಲೆ. ಆಕ್ಸಿಜನ್ ಬ್ಲೀಚಿನ ಬಿಸಿನೀರಲ್ಲಿ ಬಿಳಿ ಹತ್ತಿಬಟ್ಟೆ ನೆನೆಹಾಕಿದರೆ ಕಲೆ ಒಂದಿಷ್ಟು ತಿಳಿಯಾದೀತು, ಪೂರ್ತಿ ಹೋಗುತ್ತದೆಂದು ನಂಬಿಸುವವರನ್ನು ನಂಬಬೇಡಿ. ಮಲೆನಾಡಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ಯಾವ ಪುಡಿಯನ್ನೂ ಹುಡುಕುವುದಿಲ್ಲ. ಸುಲಿಯಲು ಕೂರುವ ಮೊದಲೇ ಹಳೆಯದೊಂದು ಅಂಗಿಯನ್ನೋ ಸೀರೆಯನ್ನೋ ಅದಕ್ಕೆಂದೇ ತೆಗೆದಿಟ್ಟಿರುತ್ತಾರೆ.